ವಿಡಿಯೊ ಗೇಮಿನಲ್ಲಿ ಕೇಳಿದ ಪ್ರಸಾದ

ಹೋದ ವಾರ ಹಿತ್ತಲ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. (ಹಿತಕಬೇಳೆ ಸಾರು ಉಣ್ಣಲು ಮನೆಯಲ್ಲಿ ಏಳು ಜನ, ಹಿಸುಕಲು ನಾನೊಬ್ಬಳು. ನಿಮ್ಮ ಮನೆಯಲ್ಲೂ ಹೀಗೇ ತಾನೆ?) ಆಗ ನಮ್ಮ ಯಜಮಾನರು ಹಿಂಬಾಗಿಲಿನಿಂದ ಬಂದರು. ಮುಂಬಾಗಿಲು ತೆರೆದಿರುವಾಗ ಹಿಂಬಾಗಿಲಿನಿಂದ ಬರುವ ಗಂಡಸು ಒಳ್ಳೆಯ ಸುದ್ದಿ ತಂದಿರುವುದಿಲ್ಲ.

"ಬ್ಯಾಡ ಅಂತ ಆಗೋಯ್ತು ಕಣೇ," ಅಂದರು.

ಬೇಡ ಅಂದರೆ ಶಾರದೆಗೆ ಬಂದಿದ್ದ ಸಂಬಂಧ ಬೇಡ ಅಂತ.

ಶಾರದೆ ನನ್ನ ನಾದಿನಿ. ಇಪ್ಪತ್ತಾರು ತುಂಬಿದೆ. ಅಜ್ಜಂಪುರದ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ಅವಳೇ. ನಾಲ್ಕು ಕಡೆಯವರು ಬಂದು ನೋಡಿ, ಉಪ್ಪಿಟ್ಟು ತಿಂದು, ಆಮೇಲೆ ಕಾಗದ ಬರೆಯುತ್ತೇವೆ ಅಂತ ಹೋಗಿದ್ದರು. ಐದನೆಯವನು ಲಿಂಗದಹಳ್ಳಿಯವನು, ಸೊಸೈಟಿಯಲ್ಲಿ ಗುಮಾಸ್ತ. ಹಾಡು ಬರುತ್ತದಾ ಅಂತ ಅವನು ಕೇಳಲಿಲ್ಲ. "ಹೊಲಿಗೆ ಮಿಷನ್ ತರ್ತೀರಲ್ವಾ? ಕಿಟಕಿ ಹತ್ರ ಜಾಗ ಐತೆ," ಅಂದ, ಅಷ್ಟೆ. ಅವರು ಹೋದ ಮೇಲೆ ಶಾರದೆ ಮಿಷನ್ನಿಗೆ ಎಣ್ಣೆ ಬಿಟ್ಟು ಒರೆಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸಿದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಉತ್ತರ ಅವತ್ತೇ ಹೋಗಬೇಕಿತ್ತು. ಮರುದಿನ ಹುಡುಗನ ಕಡೆಯವರು ಬೇರೆ ಊರಿಗೆ ಹೆಣ್ಣು ನೋಡಲು ಹೊರಡುವವರಿದ್ದರು. ಸಂಬಂಧ ತಂದಿದ್ದ ಪರಮೇಶಣ್ಣ ನಾಲ್ಕು ಗಂಟೆಯ ಬಸ್ಸಿಗೆ ಮುಂಚೆ ಬಂದು ನಮ್ಮ ಮಾತು ಕೇಳಿಕೊಂಡು ಹೋಗುತ್ತೇನೆ ಅಂದಿದ್ದರು.

ಇಷ್ಟಕ್ಕೆ ಪ್ರಸಾದ ಯಾಕೆ ಕೇಳಬೇಕು ಅನ್ನುತ್ತೀರಾ? ನಮ್ಮ ಅತ್ತೆಯನ್ನು ನೀವು ಕಂಡಿಲ್ಲ. ದೊಡ್ಡ ಮಗಳನ್ನು ಕೊಡುವಾಗ ಅವರು ಮನೆದೇವರಾದ ಅಮ್ಮನನ್ನು ಕೇಳಿರಲಿಲ್ಲ. ಆಕೆ ಮೊದಲ ಹೆರಿಗೆಯಲ್ಲೇ ಹೋದರು. ಅಂದಿನಿಂದ ಅತ್ತೆ ಎಮ್ಮೆ ಕೊಳ್ಳುವುದಕ್ಕೂ ಅಮ್ಮನ ಅಪ್ಪಣೆ ಬೇಕು ಅನ್ನುತ್ತಾರೆ. ಅದಕ್ಕೆ ನಾನು ನಗುವುದಿಲ್ಲ. ನಾನೂ ಕೈಮುಗಿಯುವವಳೇ.

ಪ್ರಸಾದ ಕೇಳುವುದು ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಮ್ಮನ ವಿಗ್ರಹದ ಬಲಕ್ಕೊಂದು, ಎಡಕ್ಕೊಂದು ಒದ್ದೆ ಹೂವು ಅಂಟಿಸುತ್ತಾರೆ. ಬಲದ ಹೂವು ಮೊದಲು ಬಿದ್ದರೆ ಆಗಲಿ ಅಂತ. ಎಡದ್ದು ಬಿದ್ದರೆ ಬೇಡ. ಅದಕ್ಕಾಗಿ ಅವತ್ತು ಬೆಳಗಿನ ಮೊದಲ ಬಸ್ಸಿಗೇ ತಾಯಿ ಮಗ ಇಬ್ಬರೂ ಕಡೂರಿನಾಚೆಯ ಗುಡಿಗೆ ಹೋಗಿದ್ದರು.

"ಎಡದ ಹೂವು ಬಿತ್ತಾ?" ಅಂತ ಇವರನ್ನು ಕೇಳಿದೆ.

"ಯಾವ ಹೂವೂ ಬೀಳ್ಲಿಲ್ಲ ಕಣೇ. ಮಂಗಳಾರತಿ ಆಗಗಂಟ ಕಾದ್ವಿ. ಮುಂದಿನ ಸೋಮಾರ ಬನ್ನಿ ಅಂದ್ರು ಪೂಜಾರಪ್ಪೋರು."

"ಮತ್ತೆ ಬೇಡ ಅಂದವರು ಯಾರು?"

ಇವರು ಬಾವಿಕಟ್ಟೆಯ ಕಡೆ ನೋಡಿದರು.

"ಕಡೂರು ಬಸ್ ಸ್ಟ್ಯಾಂಡು," ಅಂದರು.

ವಿಷಯ ಇದು. ಕಡೂರು ಬಸ್ ಸ್ಟ್ಯಾಂಡಿನ ಎದುರು ಒಂದು ಹೋಟೆಲಿದೆ. ಅದರ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಈಚೆಗೆ ಇನ್ನೊಂದು ಪೆಟ್ಟಿಗೆ ಬಂದಿದೆ. ಬೀರುವಿನಷ್ಟು ಎತ್ತರ, ಮುಖ ಟಿ.ವಿ.ಯ ಹಾಗೆ. ವಿಡಿಯೊ ಗೇಮ್ ಅಂತ ಹೆಸರು. ಎಂಟಾಣೆ ಹಾಕಿದರೆ ಕಪ್ಪು ಪರದೆಯ ಎರಡು ಬದಿಗೆ ಬೆರಳುದ್ದದ ಎರಡು ಬಿಳಿ ಗೆರೆ ಬರುತ್ತವೆ. ನಡುವೆ ಒಂದು ಬಿಳಿ ಚುಕ್ಕಿ, ಅದೇ ಚೆಂಡು. ತಿರುಪು ತಿರುಗಿಸಿ ಗೆರೆಯನ್ನು ಮೇಲೆ ಕೆಳಗೆ ಸರಿಸಿ ಚೆಂಡನ್ನು ತಡೆಯಬೇಕು. ತಡೆದರೆ ಟಿಕ್ ಅನ್ನುತ್ತದೆ. ತಪ್ಪಿದರೆ ಚೆಂಡು ಹೊರಗೆ. ಇಷ್ಟೇ ಆಟ. ಬೆಂಗಳೂರಿನವರು ಆಡಿ ಆಡಿ ಬೇಜಾರಾಗಿ ಬಿಟ್ಟ ಮೇಲೆ ನಮ್ಮ ಕಡೆಗೆ ಬಂದಿದೆಯಂತೆ. ಬರಲಿ ಬಿಡಿ, ನಮಗೆ ಹೊಸತೇ.

ಇಂಥ ಪೆಟ್ಟಿಗೆಗಳಿಂದ ಹುಡುಗರು ಕೆಡುತ್ತಿದ್ದಾರೆ ಅಂತ ಪತ್ರಿಕೆಗಳಿಗೆ ಕಾಗದ ಬರೆಯುವ ಹಿರಿಯರು ಅನೇಕರಿದ್ದಾರೆ. ಅರವತ್ತೈದು ದಾಟಿದ ನಮ್ಮ ಅತ್ತೆಯ ಬಗ್ಗೆ ಅವರೇನು ಬರೆಯುತ್ತಾರೋ?

ಬಸ್ಸಿಗೆ ಇನ್ನೂ ಹೊತ್ತಿತ್ತಂತೆ. ಅತ್ತೆ ಆ ಹೋಟೆಲಿನ ಬೆಂಚಿನ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದಾರೆ. ಮನಸ್ಸಿನ ತುಂಬ ಬೀಳದ ಹೂವು. ಕಣ್ಣೆದುರಿಗೆ ಎಡಕ್ಕೆ ಬಲಕ್ಕೆ ಓಡಾಡುವ ಒಂದು ಬಿಳಿ ಚುಕ್ಕಿ. ಇನ್ನು ಕೇಳಬೇಕೆ? "ತಾಯೀ, ಗುಡೀಲಿ ಹೇಳ್ನಿಲ್ಲ, ಇಲ್ಲಾದ್ರೂ ಹೇಳು. ಮೊದ್ಲು ಬಲಕ್ಕೆ ಆಚೆ ಹೋದ್ರೆ ಆಗ್ಲಿ, ಎಡಕ್ಕೆ ಹೋದ್ರೆ ಬ್ಯಾಡ," ಅಂತ ಮನಸ್ಸಿನಲ್ಲೇ ಬೇಡಿಕೊಂಡಿದ್ದಾರೆ.

ಚೆಂಡು ಎಡಗಡೆಯಿಂದ ಹೊರಗೆ ಹೋಯಿತು.

"ಆಡುತ್ತಿದ್ದವರು ಯಾರು?" ಅಂದೆ.

"ಯಾರೋ ಒಬ್ಬ ಕಂಡಕ್ಟ್ರು."

"ಅದು ಇಬ್ಬರ ಆಟ ಅಂದಿರಲ್ಲ. ಇನ್ನೊಬ್ಬರು?"

ಇವರು ಒಂದು ಅವರೆಕಾಳು ಎತ್ತಿಕೊಂಡು ಬಹಳ ಶ್ರದ್ಧೆಯಿಂದ ಹಿಸುಕಿದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇವರು ಹಿಸುಕಿದ ಮೊದಲ ಕಾಳು ಅದು.

"ನಾನೇ ಕಣೇ. ಕಂಡಕ್ಟ್ರು ಬಾರಣ್ಣ ಅಂದ. ಅವ್ವ ಹಿಂದ್ಗಡೆ ಕೂತ್ಕಂಡು ಪ್ರಸಾದ ಕೇಳ್ತೈತೆ ಅಂತ ನಂಗೇನ್ ಗೊತ್ತು? ಎಡಗಡೇದು ನಂದು. ತಡ್ಯಕ್ಕಾಗ್ಲಿಲ್ಲ. ಔಟ್ ಅಂತ ಕಿರುಚ್ದ ಅವ್ನು."

ತಂಗಿಯ ಮದುವೆ ಅಣ್ಣನ ಕೈಯಲ್ಲಿ ಅನ್ನುವ ಮಾತು ಕೇಳಿದ್ದೆ. ಇಷ್ಟು ಅಕ್ಷರಶಃ ಅಂತ ತಿಳಿದಿರಲಿಲ್ಲ.

ನಡುಮನೆಗೆ ಹೋದೆ, ಇವರೂ ಹಿಂದೆಯೇ ಬಂದರು. ಅತ್ತೆ ಕಂಬಕ್ಕೊರಗಿ ಕೂತಿದ್ದರು. ಶಾರದೆ ಮಿಷನ್ನಿನ ಮುಂದೆ ಬೆನ್ನು ಹಾಕಿ ಕೂತಿದ್ದಳು. ಗಾಲಿ ತಿರುಗುತ್ತಿತ್ತು, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಯಾರೂ ಅಳುತ್ತಿರಲಿಲ್ಲ, ಅದೊಂದು ಪುಣ್ಯ.

"ಅತ್ತೆ, ಅದು ಕರೆಂಟಿನ ಆಟದ ಪೆಟ್ಟಿಗೆ," ಅಂದೆ ಮೆಲ್ಲಗೆ.

"ಯಾಕೆ, ಕರೆಂಟ್ನಾಗೆ ಅಮ್ಮ ಇಲ್ವೇನೇ? ನಾ ಕೇಳ್ದೆ, ಅವ್ಳು ಹೇಳಿದ್ಲು."

"ಆಡಿದ್ದು ನಿಮ್ಮ ಮಗ. ತಪ್ಪಿಸಿದ್ದೂ ನಿಮ್ಮ ಮಗ."

"ಪೂಜಾರಪ್ಪನೂ ಮನುಷ್ಯನೇ ಅಲ್ವಾ? ನನ್ ಮಗನ ಕೈ ತಪ್ಪಿಸ್ದೋಳೂ ಅವ್ಳೇ." ಅತ್ತೆ ಕಣ್ಣೊರೆಸಿಕೊಂಡರು. "ಒಂದ್ಸಲ ಕೇಳ್ದೆ ಕೊಟ್ಟು ನೋಡೀವ್ನಿ. ಇವಳ್ನೂ ಹಂಗೇ ಕಳಸ್ಲಾ?"

ಮೂರೂವರೆ ಆಗಿತ್ತು. ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಪರಮೇಶಣ್ಣ.

"ಏನಕ್ಕಾ, ಏನಂತ ಹೇಳ್ಲಿ? ಬಸ್ ಬಿಟ್ರೆ ಆಮ್ಯಾಕೆ ನಂಗ್ ಹೇಳ್ಬ್ಯಾಡಿ."

ಅವರಿಗೆ ಚಾಪೆ ಹಾಕಿದೆ. ದೇವರ ಗೂಡಿನ ಕಡೆ ನೋಡಿ, ತಾಯೀ ಏನಾದರೂ ದಾರಿ ತೋರಿಸು ಅಂತ ಕೈಮುಗಿದೆ. ಗೂಡಿನಲ್ಲಿ ಅಮ್ಮನ ಪಟ ನನ್ನನ್ನೇ ನೋಡುತ್ತಿತ್ತು. ಅಭಯ ಕೊಡುವ ಬಲಗೈ ಎತ್ತಿತ್ತು. ಆ ಬಲಗೈ ನನ್ನ ಎಡಕ್ಕಿತ್ತು.

ನೋಡುತ್ತ ನಿಂತೆ.

"ಅತ್ತೆ, ಗುಡಿಯಲ್ಲಿ ಬಲದ ಹೂವು ಅಂದರೆ ಯಾರ ಬಲ?"

"ಅಮ್ಮಂದು. ನಂದಾ ಮತ್ತೆ?"

"ಅಮ್ಮ ನಮಗೆ ಎದುರಾಗಿ ಕೂತಿರುತ್ತಾಳೆ. ಅವಳ ಬಲ ನಮಗೆ ಯಾವ ಕಡೆ?"

ಅತ್ತೆ ಪಟದ ಕಡೆ ತಿರುಗಿದರು. ಐವತ್ತು ವರ್ಷದಿಂದ ಪ್ರಸಾದ ಕೇಳುತ್ತಿರುವವರು ಅವರು. ಆದರೆ ಕೇಳುವಾಗಲೆಲ್ಲ ಕಣ್ಣು ಮುಚ್ಚಿರುತ್ತಾರೆ. ಹೂವು ಬೀಳುವುದನ್ನು ನೋಡಿ "ಬಲ ಆಯ್ತು!" ಅಂತ ಕೂಗುವುದು ಪೂಜಾರಪ್ಪನ ಕೆಲಸ. ಹೋಟೆಲಿನಲ್ಲಿ ಪೂಜಾರಪ್ಪ ಇರಲಿಲ್ಲ. ಕಂಡಕ್ಟರಿಗೆ ಶಾಸ್ತ್ರ ಗೊತ್ತಿರಲಿಲ್ಲ.

"ಆ ಪೆಟ್ಟಿಗೆಯೂ ನಿಮಗೆ ಎದುರಾಗಿ ಇತ್ತಲ್ಲ ಅತ್ತೆ? ಅಮ್ಮ ಅದರೊಳಗಿಂದ ಹೇಳಿದಳು ಅನ್ನುವುದಾದರೆ, ಅಲ್ಲಿಯೂ ಅವಳ ಬಲ ಅವಳದೇ."

ಅತ್ತೆ ಎದ್ದರು. ಗೂಡಿನ ಮುಂದೆ ನಿಂತು ತಮ್ಮ ಬಲಗೈ ಎತ್ತಿದರು. ಪಟ ನೋಡಿದರು. ಆಮೇಲೆ ಅಮ್ಮನ ಹಾಗೆ ಗೋಡೆಗೆ ಬೆನ್ನು ಕೊಟ್ಟು ನಮ್ಮ ಕಡೆ ತಿರುಗಿ ಮತ್ತೆ ಬಲಗೈ ಎತ್ತಿದರು. ಹಾಗೇ ನಿಂತರು. ಏನು ನಡೆಯುತ್ತಿದೆ ಅಂತ ತಿಳಿಯದ ಪರಮೇಶಣ್ಣ ಗಾಬರಿಯಿಂದ ಕೈಮುಗಿದುಬಿಟ್ಟರು.

"ಲೇ, ನಿಂದು ಯಾವ ಕಡೇಗಿತ್ತೋ?" ಅತ್ತೆ ಮಗನನ್ನು ಕೇಳಿದರು.

"ನಮ್ಮ ಎಡಗಡೆ ಅವ್ವ. ಹೋಟ್ಲು ಬಾಗ್ಲ ಕಡೇಕೆ."

"ಚೆಂಡು ಅತ್ಲಾಗೇ ಹೋಯ್ತಾ? ಸರ್ಯಾಗ್ ಹೇಳು."

"ಅತ್ಲಾಗೇ ಹೋಯ್ತವ್ವ. ನಾನೇ ಬಿಟ್ನಲ್ಲ!"

ಇವರು ಆ ಮಾತನ್ನು ಹೇಳಿದ್ದು ನಾಚಿಕೆಯಿಂದಲ್ಲ, ದೊಡ್ಡ ಪಂದ್ಯ ಗೆದ್ದವರ ಹಾಗೆ. ಯೋಚಿಸಿ ನೋಡಿ. ಇವರು ಚೆನ್ನಾಗಿ ಆಡಿ ಕಂಡಕ್ಟರನ್ನು ಸೋಲಿಸಿದ್ದರೆ ಚೆಂಡು ಆ ಕಡೆಗೆ ಹೋಗುತ್ತಿತ್ತು. ಅತ್ತೆ ಆಗಲಿ ಅನ್ನುತ್ತಿದ್ದರು. ಅದು ಅಮ್ಮನ ಎಡ ಅಂತ ಆಗ ನಾನು ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ನೇರವಾಗಿ ಮೊಳೆ ಹೊಡೆಯಲು ಬಾರದ ಗಂಡನನ್ನು ಕೊಟ್ಟದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದು ಇದೇ ಮೊದಲು.

"ಪರಮೇಶಾ, ಆಗ್ಲಿ ಅಂತ ಹೇಳಪ್ಪಾ," ಅಂದರು ಅತ್ತೆ. "ಅಮ್ಮನ ಅಪ್ಪಣೆ ಆಗೈತೆ ಅನ್ನು. ಎಲ್ಲಿ ಆಯ್ತು ಅಂತ ಹೇಳ್ಬ್ಯಾಡ."

ಪರಮೇಶಣ್ಣ ಕಾಫಿಗೂ ನಿಲ್ಲದೆ ಓಡಿದರು. ಬಸ್ಸು ಅವತ್ತು ತಡವಾಗಿ ಬಂತಂತೆ. ಅದೂ ಒಂದು ಪುಣ್ಯವೇ.

ನಾನು ಮಾಡಿದ್ದು ಸರಿಯೇ ಅಂತ ಕೇಳುವವರಿರಬಹುದು. ಸುಳ್ಳು ಹೇಳಲಿಲ್ಲ. ಶಾಸ್ತ್ರ ಬಿಡಲಿಲ್ಲ. ಅತ್ತೆಯ ನಂಬಿಕೆಯನ್ನು ಆಡಿಕೊಳ್ಳಲೂ ಇಲ್ಲ. ಐವತ್ತು ವರ್ಷ ಅಮ್ಮನ ಎದುರು ನಿಂತವರಿಗೆ ಅವಳ ಬಲ ಎಡ ನಿಜವಾಗಿ ತಿಳಿದಿರಲಿಲ್ಲವೆ, ಅಥವಾ ಯಾರಾದರೂ ಬಂದು ಹೇಳಲಿ ಅಂತ ಕಂಬಕ್ಕೊರಗಿ ಕಾಯುತ್ತಿದ್ದರೆ? ನಾನು ಕೇಳಲಿಲ್ಲ. ಕೆಲವನ್ನು ಕೇಳದೆ ಬಿಟ್ಟರೇ ಮನೆ ಚೆನ್ನಾಗಿರುತ್ತದೆ.

ಸಂಜೆ ತಂತಿಯ ಮೇಲಿನ ಬಟ್ಟೆ ಎತ್ತಲು ಶಾರದೆಯೂ ಜೊತೆಗೆ ಬಂದಳು. ಸೀರೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಮಡಚುತ್ತ ಹತ್ತಿರ ಬಂದಾಗ ಸುಮ್ಮನೆ ಕೇಳಿದೆ, "ನಿನಗೆ ಒಪ್ಪಿಗೆ ತಾನೆ ಶಾರದಾ?"

ಅವಳು ನನ್ನ ಕೈಯಿಂದ ಸೀರೆಯ ತುದಿ ತೆಗೆದುಕೊಂಡಳು. ಮುಖದಲ್ಲಿ ನಗು ಇತ್ತು. ಅದು ಬರೀ ನಗುವಾಗಿರಲಿಲ್ಲ.

"ಗುಡೀಲಿ ಕೇಳಿದ್ರಿ, ಹೋಟ್ಲಲ್ಲಿ ಕೇಳಿದ್ರಿ. ನನ್ನನ್ನ ಈಗ ಕೇಳ್ತಿದೀರಾ ಅತ್ತಿಗೆ?"

ಹಸುವಿಗೆ ಹಿಂಡಿ ಕಲಸಲು ಹೋದೆ.