ಕೊಕ್ಕರೆಯ ಜಾಗದಲ್ಲಿ ಕಿನುಯೊ

ಬೆಳಕು ಹರಿಯುವ ಹೊತ್ತಿಗೆ ತೊಗಾಶಿ ಕಿನುಯೊ ತೊಡೆಯುದ್ದದ ರಬ್ಬರ್ ಬೂಟು ತೊಟ್ಟು ಶಿರಾಸೆ ಹೊಳೆಯಲ್ಲಿ ನಿಂತಿದ್ದಾರೆ. ನಗರದ ನಡುವೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡು, ಅದರ ಪಕ್ಕದಲ್ಲೇ ಮೀನಿನ ಮೆಟ್ಟಿಲು, ಒಂದಕ್ಕಿಂತ ಒಂದು ಎತ್ತರಕ್ಕೇರುವ ನೀರಿನ ತೊಟ್ಟಿಗಳ ಸಾಲು. ಸಮುದ್ರದಿಂದ ಬರುವ ಬೆರಳುದ್ದದ ಅಯು ಮೀನಿನ ಮರಿಗಳು ಒಂದು ತೊಟ್ಟಿಯಿಂದ ಮೇಲಿನ ತೊಟ್ಟಿಗೆ ಹಾರುತ್ತಾ ಒಡ್ಡು ದಾಟಬೇಕು. ನಡುವಿನ ಅಗಲ ತೊಟ್ಟಿಯಲ್ಲಿ ಅವು ದಣಿವಾರಿಸಿಕೊಳ್ಳುತ್ತವೆ. ಅದರ ಮೇಲೆ ಕಿನುಯೊ ಅಡ್ಡಡ್ಡ ತಂಗೂಸಿ ದಾರ ಬಿಗಿಯುತ್ತಿದ್ದಾರೆ. ದಾರವಿದ್ದರೆ ಕೊಕ್ಕರೆ ಇಳಿಯುವುದಿಲ್ಲ.

ಒಡ್ಡಿನ ಕಚೇರಿ ಅವರಿಗೆ ಸಂಬಳ ಕೊಡುವುದು ಕಸ ಎತ್ತಲು. ಬಾಟಲಿ, ಮುರಿದ ಕೊಡೆ, ಒಮ್ಮೆ ಒಂದು ಸೈಕಲ್ಲು. ದಾರ ಕಟ್ಟೆಂದು ಯಾರೂ ಹೇಳಿದ್ದಲ್ಲ. ಗಂಡ ಇಸಾವೊ ಇದೇ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದರು. ಒಡ್ಡು ಬಂದ ಮೇಲೆ, ಮೀನಿಗೆ ದಾರಿ ಬಿಡಿ ಎಂದು ಕಚೇರಿ ಕಚೇರಿ ಅಲೆದರು. ಮೆಟ್ಟಿಲಾದದ್ದು ಅವರು ತೀರಿಕೊಂಡ ಮೇಲೆ. ಈ ದಾರ ಅವರ ಗಾಳದ ಪೆಟ್ಟಿಗೆಯದು. ಎಪ್ಪತ್ತೊಂದರ ಕಿನುಯೊಗೆ ತಣ್ಣೀರಿನಲ್ಲಿ ಬೆರಳು ಮಡಚಲಾಗುವುದಿಲ್ಲ, ಗಂಟನ್ನು ಹಲ್ಲಿನಿಂದ ಎಳೆದು ಬಿಗಿಯುತ್ತಾರೆ.

ಈ ವಸಂತದಲ್ಲಿ ಕೊಕ್ಕರೆಗೆ ಅದೃಷ್ಟ ಖುಲಾಯಿಸಿದೆ. ಅದು ಮೀನು ನುಂಗುವ ಚಿತ್ರ ಫೋನಿನಿಂದ ಫೋನಿಗೆ ಹರಿದು, ಒಸಾಕಾದಿಂದ ಜನ ಬಸ್ಸು ಮಾಡಿಕೊಂಡು ಬರುತ್ತಾರೆ. ಒಡ್ಡಿನ ಕಚೇರಿ ಕೊಕ್ಕರೆ ಮುಖದ ಬಿಸ್ಕತ್ತು ಮಾರುತ್ತಿದೆ. ಮೀನು ಹತ್ತಲೆಂದು ಊರಿನ ದುಡ್ಡಲ್ಲಿ ಕಟ್ಟಿದ ಮೆಟ್ಟಿಲು ಈಗ ಕೊಕ್ಕರೆಯ ಊಟದ ತಟ್ಟೆ! ಫೋಟೋದಲ್ಲಿ ದಾರ ಕಾಣುತ್ತದೆಂದು ಕಚೇರಿಯವರು ದಿನವೂ ಕತ್ತರಿಸುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಪ್ರಕೃತಿ ವೀಕ್ಷಣೆ. ನಾಚಿಕೆಯಾಗಬೇಕು.

ಕಚೇರಿಯ ಹಮಾಗುಚಿ ಕತ್ತರಿ ಹಿಡಿದು ಬರುತ್ತಾರೆ.

"ಕಿನುಯೊ ಅಮ್ಮ, ಮತ್ತೆ ಕಟ್ಟಿದೀರಾ? ಇನ್ನೊಂದ್ಸಲ ಕಟ್ಟಿದ್ರೆ ಕೆಲಸಕ್ಕೇ ಬರೋದು ಬೇಡ ಅಂದಿದಾರೆ ಮೇಲಿನೋರು."

"ಕೊಕ್ಕರೆಗೆ ಸಂಬಳ ಎಷ್ಟು ಗೊತ್ತು ಮಾಡಿದೀರಪ್ಪ?"

"ಪಾಪ, ಅದೂ ಹೊಟ್ಟೆಪಾಡಿಗೆ..."

"ಹೊಳೆ ಉದ್ದಕ್ಕೂ ಹಿಡಿದು ತಿನ್ನಲಿ, ಬೇಡ ಅಂದೋರ್ಯಾರು? ಹತ್ತಿ ಹತ್ತಿ ಸುಸ್ತಾದ ಕೂಸುಗಳನ್ನ ಸಾಲಾಗಿ ಕೂರಿಸಿ ಬಡಿಸ್ತಿದೀರಲ್ಲ, ಅದನ್ನ ನನಗೆ ಸಹಿಸಕ್ಕಾಗಲ್ಲ."

ಹಮಾಗುಚಿ ತಲೆ ತಗ್ಗಿಸಿ ದಾರ ಕತ್ತರಿಸುತ್ತಾರೆ. ಕಿನುಯೊ ತುಂಡುಗಳನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳಬಾರದಲ್ಲ. ಆಮೇಲೆ ಮನೆಗೆ ಹೊರಡುವ ಬದಲು ಅಗಲ ತೊಟ್ಟಿಗೆ ಇಳಿದು ನಡುವೆ ನಿಲ್ಲುತ್ತಾರೆ.

"ಅಮ್ಮ, ಏನಿದು?"

"ದಾರ ಕಟ್ಟಬೇಡ ಅಂದ್ರಿ, ಕಟ್ಟಲ್ಲ. ನಿಲ್ಲಬೇಡ ಅಂತ ಯಾರೂ ಅಂದಿಲ್ಲವಲ್ಲ."

ಎಷ್ಟು ದಿನ ಹೀಗೆ ಎಂದು ಹಮಾಗುಚಿ ಕೇಳಿದರೆ, "ಅಯು ಹತ್ತಿ ಮುಗಿಯೋವರೆಗೂ. ಇದೊಂದು ತೊಟ್ಟೀಲಾದ್ರೂ ನೆಮ್ಮದಿಯಾಗಿ ಉಸಿರು ಬಿಡ್ಲಿ" ಎನ್ನುತ್ತಾರೆ. ಅಲುಗದ ಬೂಟುಗಳನ್ನು ಕಲ್ಲೆಂದುಕೊಂಡು ಮರಿಗಳು ಅವುಗಳ ಮರೆಯಲ್ಲೇ ಗುಂಪುಗೂಡಿವೆ. ಕೊಕ್ಕರೆ ಒಡ್ಡಿನ ಕಂಬಿಯ ಮೇಲೆ ಕತ್ತು ಕುಗ್ಗಿಸಿ ಕೂತಿದೆ.

ಮೊದಲ ಬಸ್ಸು ಬರುತ್ತದೆ. ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು ಬಗ್ಗಿ ಕೂಗುತ್ತಾಳೆ: "ಅಜ್ಜೀ, ಒಂಚೂರು ಆ ಕಡೆ ಸರೀತೀರಾ? ನೀವಿದ್ರೆ ಕೊಕ್ಕರೆ ಇಳಿಯಲ್ಲ!"

"ಗೊತ್ತಮ್ಮಾ," ಎನ್ನುತ್ತಾರೆ ಕಿನುಯೊ, ಕದಲದೆ. "ಅದಕ್ಕೇ ನಿಂತಿರೋದು."