ರೆಕ್ಕೆಯವರ ಕೋಟೆ

ನಮ್ಮಣ್ಣನಂಥವರು ಬೀದಿಗೊಬ್ಬರಾದರೂ ಇರುತ್ತಾರೆ. ಅವರ ಮನೆಯವರ ತಾಳ್ಮೆಗೆ ಮಾತ್ರ ಯಾರೂ ಬಹುಮಾನ ಕೊಡುವುದಿಲ್ಲ. ಊಟದ ಮೇಜಿನ ಮೇಲೆ ಅವನ ಪುಟಾಣಿ ಮಾಯಾಲೋಕ, ನಮ್ಮ ತಟ್ಟೆ ತೊಡೆಯ ಮೇಲೆ. ಸೋಸಿದ ಚಹಾಪುಡಿ ಎಸೆಯುವಂತಿಲ್ಲ, ಅದು ಮಾಟಗಾತಿಯ ಕಾಡಿನ ನೆಲ. ನನ್ನ ಹೊಸ ಬಾಚಣಿಗೆಯ ಹಲ್ಲುಗಳೆಲ್ಲ ತೇಲುವ ಕೋಟೆಯ ಬೇಲಿಯಾಗಿವೆ. ಕೇಳಿದರೆ, "ನಿನ್ನ ತಲೆಗೆ ಬೇರೆ ತರಬಹುದು, ಕೋಟೆಗೆ ಇದೇ ಸರಿಹೋಗೋದು" ಎನ್ನುತ್ತಾನೆ. ಮನೆಯ ನಲ್ಲಿ ಸೋರಿದರೆ ಜಾಣಕಿವುಡು. ಹೆಬ್ಬೆರಳಿನಷ್ಟಿರುವ ಡ್ರ್ಯಾಗನ್ನಿನ ಮೂಗಿಗೆ ಮಸಿ ಹೆಚ್ಚಾದರೆ ಊಟ ಬಿಡುತ್ತಾನೆ. 'ಆಟಿಕೆ' ಎಂದವರ ಗ್ರಹಚಾರ ಬಿಡಿಸುತ್ತಾನೆ. ಮೊನ್ನೆ ಬಂದಿದ್ದ ಚಿಕ್ಕಪ್ಪ ಮೇಜಿನ ಮೇಲಿನ ಕೋಟೆ ನೋಡಿ, "ಮೆಟ್ಟಿಲು ಬಿಟ್ಟು ಬಾಗಿಲಿಗೆಲ್ಲ ಇಳಿಜಾರು ಯಾಕೋ? ಇಲ್ಲಿರೋರಿಗೆಲ್ಲ ರೆಕ್ಕೆ ಇದೆಯಲ್ಲ" ಎಂದು ನಕ್ಕರು. ಅಣ್ಣ ಕುಂಚ ಕೆಳಗಿಟ್ಟ. "ಎಲ್ರಿಗೂ ಇದೆ ಅಂತ ಯಾರು ಹೇಳಿದ್ರು?" ಅವನು ಕಟ್ಟಿದ ಯಾವ ಕೋಟೆಗೂ ಮೆಟ್ಟಿಲಿಲ್ಲ ಎಂಬುದನ್ನು ನಾನು ಗಮನಿಸಿದ್ದೇ ಆಗ. ನಮ್ಮ ಹೊರಬಾಗಿಲಿಗೆ ನಾಲ್ಕು ಮೆಟ್ಟಿಲಿವೆ. ಇಳಿಜಾರು ಹಾಕಿಸಿದರೆ ಕಟ್ಟಡದ ಅಂದ ಕೆಡುತ್ತದಂತೆ, ಮನೆಯೊಡೆಯ ಒಪ್ಪಿಲ್ಲ. ಅಮ್ಮ ಗಾಲಿಕುರ್ಚಿಯಲ್ಲಿ ಕೂತು ಕಿಟಕಿಯಿಂದಲೇ ಬೀದಿ ನೋಡುತ್ತಾಳೆ. ಅಂದ ಕೆಡುತ್ತದಂತೆ, ಅಂದ. ನಾನು ಒಳಗೆ ಹೋಗಿ, ಉಳಿದಿದ್ದ ಇನ್ನೊಂದು ಬಾಚಣಿಗೆಯನ್ನೂ ತಂದು ಅಣ್ಣನ ಮುಂದಿಟ್ಟೆ.