ಗಾಜಿಗೆ ಬಂದ ಸೀರೆಯಂಚು

ಪಕ್ಕದ ಮನೆಯ ದೊಡ್ಡಮ್ಮನ ತೋರುಬೆರಳಿನ ತುದಿಯಲ್ಲಿ, ರೇಷ್ಮೆ ಎಳೆ ಉಜ್ಜಿ ಉಜ್ಜಿ, ಕೂದಲಷ್ಟು ಸಣ್ಣ ಗೀರುಗಳು ಬಿದ್ದಿದ್ದವು. ಏನೇ ಹೊಸದು ಸಿಕ್ಕರೂ ಮೊದಲು ಆ ಬೆರಳಲ್ಲೇ ಸವರಿ ನೋಡುವರು. ಕಾಮಗೆರೆ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಕೊಳ್ಳೇಗಾಲದ ಮನೆಗೆ ಬಂದವಳೇ ನಾನು ಬಣ್ಣದ ಗಾಜು ಕತ್ತರಿಸಲು ಕೂರುತ್ತಿದ್ದ ಕಾಲ ಅದು. ಹೊಸ ಹುಚ್ಚು. ಮೊಬೈಲಿನ ವಿಡಿಯೋಗಳೇ ಗುರು. ಕಟ್ಟರಿನ ಕರಕರ ಕೇಳಿ ಬಂದ ದೊಡ್ಡಮ್ಮ ಕೆಂಪು ಚೂರೊಂದರ ಅಂಚು ಸವರಿದರು, ರಕ್ತ ಬಂತು. ಹೋಗಿ ಅರಿಶಿನ ಮೆತ್ತಿಕೊಂಡು ಮತ್ತೆ ಬಂದು ಕೂತರು!

ನೂರೆಂಟು ಪ್ರಶ್ನೆ. ಬಣ್ಣ ಮೇಲೆ ಬಳಿದದ್ದೋ, ಒಳಗೇ ಇರುವುದೋ? ಗೀರಿದ ಕಡೆಯೇ ಯಾಕೆ ಮುರಿಯಬೇಕು? ಅರ್ಧಕ್ಕೆ ನಾನು ವಿಡಿಯೋ ಹುಡುಕಿ ತೋರಿಸುತ್ತಿದ್ದೆ. ರೇಷ್ಮೆ ಸೀರೆ ನೇಯುತ್ತಿದ್ದವರು ಭುಜ ಏಳದೆ ಅದನ್ನು ಬಿಟ್ಟಿದ್ದರು, ಮಗ್ಗವನ್ನೂ ಬಿಚ್ಚಿ ಕೊಟ್ಟಾಗಿತ್ತು. ಅವರ ತಾಯಿ ತಾವೇ ರೂಪಿಸಿದ ಮಾವಿನಕಾಯಿ ಚಿತ್ತಾರದ ಸೀರೆಯಂಚೊಂದಿತ್ತು. ಅದನ್ನು ಬೇರೆ ಯಾರೂ ನೇಯುತ್ತಿರಲಿಲ್ಲ.

"ನಮ್ಮವ್ವನ್ ಅಂಚು ನನ್ ಜೊತೇಲೇ ಓಯ್ತದೆ ಕಣವ್ವ. ಗಾಜ್ನಲ್ಲಾದ್ರೂ ಉಳಿಯಾಕಿಲ್ವಾ?" ಎಂದರು ಒಂದು ದಿನ.

ಚಿತ್ರ ಬರೆದು ತಂದರು, ಮಗ್ಗಕ್ಕೆ ಬರೆಯುವ ಚೌಕುಳಿ ಹಾಳೆಯಲ್ಲೇ. ಬಾಗಿದ ಗೆರೆ ಒಂದೂ ಇಲ್ಲ, ಮಾವಿನಕಾಯಿಯ ಸುತ್ತ ಎಲ್ಲ ಮೆಟ್ಟಿಲು ಮೆಟ್ಟಿಲು. ನೇಯುವವರ ಕಣ್ಣಿಗೆ ಅದೇ ಬಾಗು. ನಾನೂ ಪೆದ್ದಿಯಂತೆ ಹಾಗೇ ಗೀರಿದೆ. ಮೆಟ್ಟಿಲಿನ ಒಳಮೂಲೆ ಬಂದಲ್ಲೆಲ್ಲ ಬಿರುಕು ತಿರುಗದೆ ನೆಟ್ಟಗೆ ಓಡಿ ಗಾಜು ಹಾಳಾಯಿತು. ಇನ್ನೊಂದು ಗಾಜು, ಮತ್ತದೇ ಕಥೆ. ಮೆಟ್ಟಿಲು ಬಿಟ್ಟು ದುಂಡಗೆ ಮಾಡೋಣ ಅಂದೆ. ದೊಡ್ಡಮ್ಮನ ಮುಖ ಊದಿತು. ದುಂಡಗಾದರೆ ಅದು ಯಾರದೋ ಮಾವಿನಕಾಯಿ, ಅವ್ವನದಲ್ಲ ಎಂದು ಎದ್ದುಹೋದರು. ಎಷ್ಟೋ ದಿನ ಈ ಕಡೆ ತಲೆ ಹಾಕಲಿಲ್ಲ. ಇಷ್ಟೆಲ್ಲ ಒದ್ದಾಡಿದವಳ ಮೇಲೆ ಮುನಿಸೇ ಎಂದು ನನಗೂ ಸಿಟ್ಟು.

ಕೊನೆಗೆ ಅವರೇ ಬಂದರು. ಹಾಳೆಯ ತುಂಬ ಅಡ್ಡಗೆರೆ ಎಳೆದು, ಕಾಯಿಯನ್ನು ಪಟ್ಟಿ ಪಟ್ಟಿಯಾಗಿ ಸೀಳಿದ್ದರು.

"ತಿರುಗಾಕಿಲ್ಲ ಅಂದ್ರೆ ತಿರುಗ್ಸದ್ಯಾಕೆ? ಸಾಲ್ ಸಾಲಾಗಿ ಕುಯ್ಯಿ. ನಾವು ನೇಯದೂ ಅಂಗೇ ತಾನೆ?"

ಪಟ್ಟಿಗಳೆಲ್ಲ ನೇರ, ಒಳಮೂಲೆಯೇ ಇಲ್ಲ. ನಾನು ಕತ್ತರಿಸಿದೆ. ಅವರು ಒಂದೊಂದು ಪಟ್ಟಿಯ ಅಂಚಿಗೂ ತಾಮ್ರದ ತೆಳು ಟೇಪು ಸುತ್ತಿದರು, ನಾನು ಬೆಸುಗೆ ಹಾಕಿದೆ. ಅವರ ಮನೆಯ ಮೂಡಣ ಕಿಟಕಿಗೆ ಅದನ್ನು ಕೂರಿಸಿದ ದಿನ ದೊಡ್ಡಮ್ಮ ಅದನ್ನೇ ನೋಡುತ್ತ ಕೂತು ಅಡುಗೆಯನ್ನೇ ಮರೆತರು.

ಕಳೆದ ವರ್ಷ ಜ್ವರವೆಂದು ಮಲಗಿದವರು ಮೇಲೇಳಲಿಲ್ಲ. ತಿಥಿಗೆ ಯಳಂದೂರಿನಿಂದ ಒಬ್ಬ ಅಜ್ಜಿ ಬಂದಿದ್ದರು, ದೊಡ್ಡಮ್ಮನ ತಾಯಿಯ ಜೊತೆ ಚಿಕ್ಕಂದಿನಲ್ಲಿ ನೇಯ್ದವರಂತೆ. ಒಳಗೆ ಹೋಗುತ್ತಿದ್ದವರು ಕಿಟಕಿಯ ಮುಂದೆ ನಿಂತುಬಿಟ್ಟರು. ಅದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಇದು ಇವಳವ್ವನ್ ಅಂಚಲ್ವಾ?" ಎಂದರು.

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಹೌದು ಅಜ್ಜಿ, ಅದೇ ಅಂದೆ.